ಸುಮ್ಮನಿರದ ಕೈಗಳಿಗೆ ನಾನು ಮಾಡಿಕೊಂಡ ಏರ್ಪಾಡು

ಸಂಜೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣದಿಂದ ಡೊಂಬಿವಲಿಗೆ ಮರಳುವ ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಸುಮ್ಮನಿರುವ ಕೈ ಅಪರೂಪ. ಒಬ್ಬರು ಮೆಂತ್ಯ ಸೊಪ್ಪು ಬಿಡಿಸುತ್ತಿರುತ್ತಾರೆ, ಇನ್ನೊಬ್ಬರು ಬಟಾಣಿ ಸುಲಿಯುತ್ತಿರುತ್ತಾರೆ, ಕಿಟಕಿಯ ಬಳಿ ಜಾಗ ಸಿಕ್ಕಿದವರು ಕ್ರೋಶಾ ಹೆಣೆಯುತ್ತಿರುತ್ತಾರೆ, ಹಿರಿಯರೊಬ್ಬರು ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿರುತ್ತಾರೆ. ಇವರೆಲ್ಲರ ನಡುವೆ ನಾನು ಒಂದು ಕೆಂಪು ಮಂಜೊಟ್ಟಿ ಬೀಜವನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉರುಳಿಸುತ್ತ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಅದೇ ಬೀಜವನ್ನು ಫೋರ್ಟ್ ಪ್ರದೇಶದ ನಮ್ಮ ಕಚೇರಿಯ ಸಭೆಯಲ್ಲಿ ಉರುಳಿಸಿದರೆ ಎದುರಿಗೆ ಕುಳಿತವರ ಗಮನ ನನ್ನ ಮಾತನ್ನು ಬಿಟ್ಟು ನನ್ನ ಬೆರಳಿಗೆ ಬರುತ್ತದೆ. ಮಾಡುವ ಕ್ರಿಯೆ ಒಂದೇ ಆದರೂ ಅದನ್ನು ಎಲ್ಲಿ, ಯಾರ ಎದುರಿಗೆ ಮಾಡುತ್ತೇನೆ ಎಂಬುದರ ಮೇಲೆ ಅದರ ಬೆಲೆ ಬದಲಾಗುತ್ತದೆಂಬುದು ನನಗೆ ಅರ್ಥವಾಗುವುದಕ್ಕೆ ಬಹಳ ವರ್ಷಗಳೇ ಬೇಕಾದವು.

ನಾನು ಆಟಿಸಂ ಇರುವ ಹೆಂಗಸು, ಅಂದರೆ ಸುತ್ತಲಿನ ಜಗತ್ತನ್ನು ಗ್ರಹಿಸುವ, ಅದಕ್ಕೆ ಸ್ಪಂದಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವವಳು. ಊರು ಕುಂದಾಪುರದ ಕಡೆ. ಮದುವೆಯಾಗಿ ಮುಂಬೈಗೆ ಬಂದವಳು ಇಲ್ಲಿಯೇ ವಿಮಾ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ನನ್ನ ಸ್ಥಿತಿಗೆ ಒಂದು ಹೆಸರಿದೆಯೆಂದು ವೈದ್ಯರಿಂದ ತಿಳಿದದ್ದು ನಲವತ್ತರ ಹೊಸ್ತಿಲಲ್ಲಿ. ಒಂದೇ ಚಲನೆಯನ್ನೋ ಸದ್ದನ್ನೋ ಸ್ಪರ್ಶವನ್ನೋ ಮತ್ತೆ ಮತ್ತೆ ಮಾಡಿ ದೇಹವು ತನ್ನನ್ನು ತಾನೇ ಹದಕ್ಕೆ ತಂದುಕೊಳ್ಳುವ ಅಭ್ಯಾಸಗಳನ್ನು ನಮ್ಮಂಥವರು ಸ್ಟಿಮಿಂಗ್ ಎನ್ನುತ್ತೇವೆ. ಯೋಚಿಸುವಾಗ ಪೆನ್ನು ತಿರುಗಿಸುವ, ಫೋನಿನಲ್ಲಿ ಮಾತನಾಡುವಾಗ ಅತ್ತಿಂದಿತ್ತ ನಡೆಯುವ ಅಭ್ಯಾಸ ಎಲ್ಲರಿಗೂ ಅಷ್ಟಿಷ್ಟು ಇರುತ್ತದೆ. ನಮ್ಮಲ್ಲಿ ಅದರ ಪ್ರಮಾಣವೂ ತೀವ್ರತೆಯೂ ಅಗತ್ಯವೂ ಹೆಚ್ಚು. ನನ್ನ ವಿಷಯದಲ್ಲಿ ಹೇಳುವುದಾದರೆ, ಕುಳಿತಲ್ಲಿ ಕಾಲು ಅಲ್ಲಾಡಿಸುತ್ತೇನೆ, ಹಿಂದೆ ಮುಂದೆ ತೂಗುತ್ತೇನೆ, ಗಾಜಿನ ಬಳೆಗಳನ್ನು ಮಣಿಕಟ್ಟಿನಿಂದ ಮೊಣಕೈಯತ್ತ ಸರಿಸಿ ಬಿಡುತ್ತೇನೆ, ದುಪಟ್ಟಾದ ಅಂಚನ್ನೂ ಕರಿಮಣಿ ಸರವನ್ನೂ ಕಚ್ಚುತ್ತೇನೆ, ಬಾಯಿ ಮುಚ್ಚಿ ಗುನುಗುತ್ತೇನೆ, ಕೇಳಿದ ಘೋಷಣೆಗಳನ್ನು ಅದೇ ರಾಗದಲ್ಲಿ ಮರುನುಡಿಯುತ್ತೇನೆ, ಉಗುರಿನ ಬದಿಯ ಚರ್ಮ ಸುಲಿಯುತ್ತೇನೆ, ತುಂಬ ಸಂತೋಷವಾದಾಗ ಎರಡೂ ಕೈಗಳನ್ನು ಮಣಿಕಟ್ಟಿನಿಂದ ಬಡಿದಾಡಿಸುತ್ತೇನೆ.

ಕರಾವಳಿಯ ಮನೆಗಳಲ್ಲಿ ಕಾಲು ಅಲ್ಲಾಡಿಸುವುದು ಅಪಶಕುನ. “ಕಾಲ್ ಅಲ್ಲಾಡ್ಸ್‌ಬೇಡ ಹೆಣೆ, ಮನಿಗೆ ದರಿದ್ರ” ಎಂದು ಅಮ್ಮ ಹೇಳದ ದಿನವಿರಲಿಲ್ಲ. ಅಮ್ಮನ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಅವರಿಗೂ ಅವರ ಅಮ್ಮ ಹಾಗೆಯೇ ಹೇಳಿದ್ದರು. ನಾನು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತುಕೊಳ್ಳುವುದನ್ನು ಕಲಿತೆ. ಕಾಲನ್ನು ಬೆಂಚಿನ ಕಾಲಿಗೆ ಸುತ್ತಿ ಬಿಗಿ ಹಿಡಿಯುವುದನ್ನು ಕಲಿತೆ. ಒರತೆಯ ಬಾಯಿಗೆ ಕಲ್ಲು ಮುಚ್ಚಿದರೆ ನೀರು ಪಕ್ಕದಲ್ಲಿ ಹೊರಡುವಂತೆ, ಕಾಲಿನಲ್ಲಿ ತಡೆದದ್ದು ಬೆರಳಿನಲ್ಲಿ ಬಂತು, ಬೆರಳಿನಲ್ಲಿ ತಡೆದದ್ದು ಹಲ್ಲಿನಲ್ಲಿ ಬಂತು. ಮದುವೆಯಾಗಿ ಕೆಲಸಕ್ಕೆ ಸೇರಿದ ಮೇಲಂತೂ ಹಗಲಿಡೀ ದೇಹವನ್ನು ಹಿಡಿದಿಟ್ಟುಕೊಂಡು ಮನೆಗೆ ಬಂದರೆ, ಕುಕ್ಕರಿನ ಸೀಟಿಗೂ ಅಳು ಬರುತ್ತಿತ್ತು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ತೊಡೆಗೆ ಮುಷ್ಟಿಯಿಂದ ಗುದ್ದಿಕೊಳ್ಳುತ್ತಿದ್ದೆ.

ವೈದ್ಯರ ಬಳಿ ಹೋದಾಗ ತಿಳಿದ ಕೆಲವು ಸಂಗತಿಗಳು ನನ್ನ ಕೆಲಸಕ್ಕೆ ಬಂದವು. ಅಮೆರಿಕದಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಕುರಿತು ಬರೆದ ಲೇಖನದಲ್ಲಿಯೇ ಈ ಪುನರಾವರ್ತನೆಗಳ ವರ್ಣನೆಯಿದೆ. ಆ ನಂತರದ ಕೆಲವು ದಶಕಗಳಲ್ಲಿ ಇವನ್ನು ಅಳಿಸಿಹಾಕುವುದೇ ಚಿಕಿತ್ಸೆಯ ಗುರಿಯೆಂದು ಅನೇಕರು ನಂಬಿದ್ದರು. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಐವರ್ ಲೋವಾಸ್ ತಮ್ಮ ಆರಂಭದ ಪ್ರಯೋಗಗಳಲ್ಲಿ ಮಕ್ಕಳಿಗೆ ಏಟನ್ನೂ ವಿದ್ಯುತ್ ಆಘಾತವನ್ನೂ ಬಳಸಿದ್ದು ದಾಖಲಾಗಿರುವ ವಿಷಯ. ಆಟಿಸಂ ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯ ಐದನೆಯ ಆವೃತ್ತಿ 2013ರಲ್ಲಿ ಬಂದಾಗ, ಪುನರಾವರ್ತಿತ ಚಲನೆಗಳ ಜೊತೆಗೆ ಬೆಳಕು, ಸದ್ದು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ಅತಿ ಕಡಿಮೆಯಾಗಿ ಸ್ಪಂದಿಸುವುದೂ ಲಕ್ಷಣಗಳ ಪಟ್ಟಿಗೆ ಸೇರಿತು. ಸಂಶೋಧಕ ಸ್ಟೀವನ್ ಕಾಪ್ ಮತ್ತು ಸಂಗಡಿಗರು 2019ರಲ್ಲಿ ಆಟಿಸಂ ಇರುವ ವಯಸ್ಕರನ್ನೇ ನೇರವಾಗಿ ಕೇಳಿ ನಡೆಸಿದ ಅಧ್ಯಯನದಲ್ಲಿ, ತಾಳಲಾರದ ಸದ್ದುಗದ್ದಲವನ್ನೂ ನಿಲ್ಲದ ಯೋಚನೆಗಳನ್ನೂ ಉಕ್ಕುವ ಭಾವನೆಗಳನ್ನೂ ಈ ಅಭ್ಯಾಸಗಳು ಸಂಭಾಳಿಸುತ್ತವೆಂದು ಆ ವಯಸ್ಕರು ಹೇಳಿದ್ದಾರೆ. ಇವನ್ನು ತೊಡೆದುಹಾಕಲು ಹೊರಡುವ ಚಿಕಿತ್ಸೆಗಳನ್ನು ವಿರೋಧಿಸಿದ್ದಾರೆ. ಎಪ್ಪತ್ತು ವರ್ಷ ಮಕ್ಕಳನ್ನು ಹೊರಗಿನಿಂದ ನೋಡಿ ಬರೆದದ್ದಕ್ಕಿಂತ, ದೊಡ್ಡವರನ್ನು ಕೂರಿಸಿ ಕೇಳಿದ ಈ ಒಂದು ಕೆಲಸವೇ ನನಗೆ ಹೆಚ್ಚು ಉಪಯುಕ್ತವಾಗಿ ಕಂಡಿತು.

ದಿನನಿತ್ಯದ ಕೆಲಸಗಳಿಗೆ ದೇಹವನ್ನು ಹೊಂದಿಸಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು ನನಗೆ ಕೊಟ್ಟ ಮೊದಲ ಕೆಲಸ ಬರೆದಿಡುವುದು. ಯಾವ ಅಭ್ಯಾಸವನ್ನೂ ನಿಲ್ಲಿಸಬೇಡಿ, ಕೆಲವು ವಾರ ಬರೀ ಗಮನಿಸಿ ಎಂದರು. ಲೆಕ್ಕಪತ್ರದವಳಾದ ನನಗೆ ಇದು ಹೇಳಿ ಮಾಡಿಸಿದ ಕೆಲಸವಾಯಿತು. ಒಂದು ವಹಿಯಲ್ಲಿ ಅಂಕಣಗಳನ್ನು ಎಳೆದೆ: ಏನು ಮಾಡಿದೆ, ಎಲ್ಲಿ, ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಮಾಡಿದ ಮೇಲೆ ದೇಹ ಹೇಗಿತ್ತು. ಸ್ಟಿಮಿಂಗ್ ಮತ್ತು ಗೀಳನ್ನು ಬೇರೆ ಮಾಡಿ ನೋಡುವಂತೆಯೂ ಅವರು ಹೇಳಿದ್ದರು. ಗೀಳಿನ ಕ್ರಿಯೆಯ ಹಿಂದೆ ‘ಮಾಡದಿದ್ದರೆ ಕೇಡಾದೀತು’ ಎಂಬ ಭಯವಿರುತ್ತದೆ, ಮಾಡುವವರಿಗೆ ಅದು ಬೇಡದ ಹೊರೆಯಾಗಿರುತ್ತದೆ. ಸ್ಟಿಮಿಂಗ್‌ನಲ್ಲಿ ಬಹುಪಾಲು ಹಿತವೇ ಇರುತ್ತದೆ. ಬಾಗಿಲಿನ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುವ ನನ್ನ ಅಭ್ಯಾಸ ಮೊದಲನೆಯ ಗುಂಪಿಗೆ ಸೇರಿತು, ಅದನ್ನು ವೈದ್ಯರು ಬೇರೆಯಾಗಿಯೇ ನೋಡಿದರು. ಬಳೆ ಸರಿಸುವುದು ಎರಡನೆಯದಕ್ಕೆ.

ವಹಿ ತುಂಬುತ್ತ ಹೋದ ಹಾಗೆ, ಒಂದೇ ಅಭ್ಯಾಸ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕೆಲಸ ಮಾಡುತ್ತದೆಂಬುದು ಕಣ್ಣಿಗೆ ಬಿತ್ತು. ಮಧ್ಯಾಹ್ನದ ಊಟದ ನಂತರ ಎಸಿಯ ಕೆಳಗೆ ಕುಳಿತು ಅಂಕಿ ನೋಡುವಾಗ ಕಾಲು ಅಲ್ಲಾಡುವುದು ನಿದ್ದೆ ಬಾರದಿರಲೆಂದು. ಅದೇ ಕಾಲು ಮೇಲಧಿಕಾರಿ ಏರುದನಿಯಲ್ಲಿ ಮಾತನಾಡುವಾಗ ಅಲ್ಲಾಡುವುದು ಎದೆಯ ಬಡಿತವನ್ನು ಇಳಿಸಲೆಂದು. ತೂಗುವುದು ಒಳಕಿವಿಯ ಸಮತೋಲನದ ಇಂದ್ರಿಯಕ್ಕೆ ಬೇಕಾದ ಆಹಾರ. ಕಚ್ಚುವುದು, ಗುದ್ದುವುದು, ಒತ್ತುವುದು ಸ್ನಾಯು ಮತ್ತು ಕೀಲುಗಳಿಗೆ ಬೇಕಾದ ಒತ್ತಡ. ಘೋಷಣೆಗಳನ್ನು ಮರುನುಡಿಯುವುದು ಹೊರಗಿನ ಗದ್ದಲದ ಮೇಲೆ ನನಗೆ ಗೊತ್ತಿರುವ ಒಂದು ಸದ್ದನ್ನು ಹಾಸಿಕೊಳ್ಳುವ ಉಪಾಯ. ಇಷ್ಟು ತಿಳಿದ ಮೇಲೆ ನಾನು ಒಂದು ನಿಯಮ ಮಾಡಿಕೊಂಡೆ: ಒಂದು ಅಭ್ಯಾಸ ಯಾವ ಕೆಲಸ ಮಾಡುತ್ತಿದೆಯೆಂದು ಗೊತ್ತಾಗುವ ತನಕ ಅದಕ್ಕೆ ಕೈ ಹಾಕುವುದಿಲ್ಲ, ಕೈ ಹಾಕಿದರೂ ಅದೇ ಕೆಲಸ ಮಾಡುವ ಇನ್ನೊಂದು ದಾರಿಯನ್ನು ಮೊದಲು ತೆರೆದಿರುತ್ತೇನೆ.

ಯಾವುದನ್ನು ಬದಲಿಸಬೇಕು ಎಂಬ ಪ್ರಶ್ನೆಗೆ ಎರಡೇ ಅಳತೆ ಇಟ್ಟುಕೊಂಡೆ. ನನ್ನ ದೇಹಕ್ಕೆ ಗಾಯವಾಗುತ್ತದೆಯೇ? ಪಕ್ಕದವರ ಕೆಲಸಕ್ಕೆ ನಿಜವಾಗಿ ಅಡ್ಡಿಯಾಗುತ್ತದೆಯೇ? ಮೂರನೆಯ ಅಳತೆಯೊಂದನ್ನು, ಅಂದರೆ ನೋಡಿದವರಿಗೆ ಮುಜುಗರವಾಗುತ್ತದೆಯೇ ಎಂಬುದನ್ನು, ಬೇಕೆಂದೇ ಕೈಬಿಟ್ಟೆ. ನನ್ನ ಬಾಲ್ಯದಿಂದ ನನಗೆ ಹೇರಿದ್ದೆಲ್ಲ ಆ ಮೂರನೆಯ ಅಳತೆಯೇ ಆಗಿತ್ತು. ಈ ಲೆಕ್ಕದಲ್ಲಿ ಉಗುರು ಬದಿಯ ಚರ್ಮ ಸುಲಿಯುವುದು, ತೊಡೆಗೆ ಗುದ್ದಿಕೊಳ್ಳುವುದು, ಗಟ್ಟಿ ವಸ್ತು ಕಚ್ಚುವುದು ಬದಲಾಗಬೇಕಿತ್ತು. ಮೇಜಿನ ಮೇಲೆ ಬೆರಳು ಬಡಿಯುವುದು ಪಕ್ಕದ ಸಹೋದ್ಯೋಗಿಯ ದೃಷ್ಟಿಯಿಂದ ಬದಲಾಗಬೇಕಿತ್ತು. ಆಕೆಗೂ ಸಣ್ಣ ಸದ್ದುಗಳೆಂದರೆ ಕಿರಿಕಿರಿ, ಅದರ ಸಂಕಟ ನನಗೆ ತಿಳಿಯದ್ದೇನಲ್ಲ. ಬಡಿಯುವ ಬದಲು ಬೆರಳನ್ನು ಮೇಜಿನ ಅಂಚಿಗೆ ಒಂದೊಂದಾಗಿ ಒತ್ತತೊಡಗಿದೆ. ತಾಳ ಉಳಿಯಿತು, ಸದ್ದು ಹೋಯಿತು. ಉಳಿದ ಅಭ್ಯಾಸಗಳು ಇದ್ದ ಹಾಗೆಯೇ ಇರಲೆಂದು ತೀರ್ಮಾನಿಸಿದೆ.

ಚರ್ಮ ಸುಲಿಯುವುದನ್ನು ಬದಲಿಸುವುದು ಎಲ್ಲಕ್ಕಿಂತ ಕಷ್ಟವಾಯಿತು, ಇಂದಿಗೂ ಪೂರ್ತಿ ಹೋಗಿಲ್ಲ. ಮಾರ್ಚ್ ಕೊನೆಯಲ್ಲಿ ವರ್ಷದ ಲೆಕ್ಕ ಮುಗಿಸುವ ದಿನಗಳಲ್ಲಿ ಹೆಬ್ಬೆರಳಿಗೆ ಉಗುರುಸುತ್ತು ಆಗಿ ಕೀವು ತುಂಬಿ, ಪೆನ್ನು ಹಿಡಿಯಲಾಗದೆ ಔಷಧಿ ತೆಗೆದುಕೊಂಡದ್ದುಂಟು. ಮೊದಲು ಎಲ್ಲರೂ ಹೇಳುವಂತೆ ಬೆರಳಿಗೆ ಪಟ್ಟಿ ಸುತ್ತಿದೆ. ಪಟ್ಟಿಯ ಅಂಚನ್ನೇ ಸುಲಿಯತೊಡಗಿದೆ. ಆಮೇಲೆ ವಹಿಯನ್ನು ತೆರೆದು ನೋಡಿದಾಗ, ಈ ಅಭ್ಯಾಸದ ತಿರುಳು ಒಂದು ಅಂಚನ್ನು ಹುಡುಕುವುದು, ಅದು ಬಿಟ್ಟುಬರುವ ಕ್ಷಣವನ್ನು ಅನುಭವಿಸುವುದು ಎಂದು ತಿಳಿಯಿತು. ಹಾಗಾದರೆ ಬಿಟ್ಟುಬರುವ ಬೇರೆ ವಸ್ತುಗಳು ಬೇಕು. ಮಹಾರಾಷ್ಟ್ರದ ಮನೆಗಳಲ್ಲಿ ವಾಲ್ ಎಂಬ ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಸಿಪ್ಪೆ ತೆಗೆದು ಬಿರ್ಡೆ ಎಂಬ ಪಲ್ಯ ಮಾಡುತ್ತಾರೆ. ಘಟ್ಟದ ಮೇಲಿನವರ ಹಿತಕಿದ ಬೇಳೆಯಂತೆಯೇ ಇದರಲ್ಲಿಯೂ ಕಾಳನ್ನು ಎರಡು ಬೆರಳಿನಲ್ಲಿ ಒತ್ತಿದರೆ ಸಿಪ್ಪೆಯೊಳಗಿನಿಂದ ಬೇಳೆ ಜಾರಿ ಹೊರಬರುತ್ತದೆ. ಈ ಕೆಲಸ ಬೇಸರವೆಂದು ನಾನು ವಹಿನಿ (ಮರಾಠಿಯಲ್ಲಿ ಅತ್ತಿಗೆ) ಎಂದು ಕರೆಯುವ ನೆರೆಮನೆಯವರು ಗೊಣಗುವುದನ್ನು ಕೇಳಿ, ಅವರ ಪಾತ್ರೆಯನ್ನೂ ನಮ್ಮ ಮನೆಗೆ ತರಿಸಿಕೊಂಡೆ. ಬೆಳ್ಳುಳ್ಳಿ ಬಿಡಿಸುವುದು, ಬೇಸಿಗೆಯಲ್ಲಿ ಊರಿನಿಂದ ಬಂದ ಹಲಸಿನ ಬೀಜದ ಹೊರಸಿಪ್ಪೆ ತೆಗೆಯುವುದು ಕೂಡ ನನ್ನ ಪಾಲಿಗೆ ಬಂದಿವೆ.

ಕಚೇರಿಯಲ್ಲಿ ಕಾಳು ಸುಲಿಯುವಂತಿಲ್ಲವಲ್ಲ. ಅಲ್ಲಿಗೆ ಸಿಕ್ಕಿದ ಉಪಾಯ ಫೆವಿಕಾಲ್. ಶಾಲೆಯ ಮಕ್ಕಳು ಮಾಡುವ ಹಾಗೆ ಎಡ ಅಂಗೈಗೆ ತೆಳ್ಳಗೆ ಸವರಿ, ಒಣಗಲು ಬಿಟ್ಟು, ಅಂಚಿನಿಂದ ನಿಧಾನವಾಗಿ ಪದರ ಕೀಳುವುದು. ಊಟದ ವಿರಾಮದಲ್ಲಿ ಇದನ್ನು ಮಾಡಿದರೆ ಸಂಜೆಯ ತನಕ ಬೆರಳುಗಳು ಉಗುರಿನ ತಂಟೆಗೆ ಹೋಗುವುದಿಲ್ಲ. ಚರ್ಮದಲ್ಲಿ ಗಾಯವಿರುವಾಗ ಮಾತ್ರ ಮಾಡಬಾರದು. ಇದರ ಜೊತೆಗೆ ರಾತ್ರಿ ಉಗುರಿನ ಸುತ್ತ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ; ಚರ್ಮ ಮೆತ್ತಗಿದ್ದರೆ ಬೆರಳಿಗೆ ಸಿಗುವ ಅಂಚುಗಳೇ ಕಡಿಮೆ. ಸಭೆಯ ಹೊತ್ತಿಗೆ ಮಂಜೊಟ್ಟಿ ಬೀಜ ಸಾಕು. ಊರಿನಲ್ಲಿ ಚೆನ್ನೆಮಣೆ ಆಡಲು ಇಟ್ಟಿದ್ದ ಬೀಜಗಳವು, ಎಷ್ಟು ಉಜ್ಜಿದರೂ ಹೊಳಪು ಕುಂದುವುದಿಲ್ಲ. ಮೊದಲು ಜೇಬಿನಲ್ಲಿ ಒಂದು ಹಿಡಿ ಇಟ್ಟುಕೊಳ್ಳುತ್ತಿದ್ದೆ, ಅವು ಒಂದಕ್ಕೊಂದು ತಾಗಿ ಸದ್ದಾಗುವುದರಿಂದ ಈಗ ಒಂದೇ ಬೀಜ.

ಕಚ್ಚುವುದರ ಕಥೆ ಸರಳ. ಕರಿಮಣಿ ಕಚ್ಚಿ ಮುಂದಿನ ಹಲ್ಲಿನ ಅಂಚು ಸವೆದಿದೆಯೆಂದು ದಂತವೈದ್ಯರು ತೋರಿಸಿದರು. ಆಹಾರಕ್ಕೆ ಬಳಸಬಹುದಾದ ಸಿಲಿಕೋನ್‌ನಿಂದ ಮಾಡಿದ, ಕಚ್ಚಲೆಂದೇ ಇರುವ ಪದಕಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಮನೆಯಲ್ಲಿ ಅದನ್ನೇ ಬಳಸುತ್ತೇನೆ. ಹೊರಗೆ ಹುರಿಗಡಲೆ, ಒಣಕೊಬ್ಬರಿಯ ತುಂಡು, ಒಣಗಿಸಿದ ನೆಲ್ಲಿಕಾಯಿ. ಹಲ್ಲಿಗೆ ಬೇಕಾದದ್ದು ರುಚಿಯಲ್ಲ, ಪ್ರತಿರೋಧ. ಬಿಸ್ಕತ್ತಿನಿಂದ ಏನೂ ಪ್ರಯೋಜನವಿಲ್ಲ.

ತೊಡೆಗೆ ಗುದ್ದಿಕೊಳ್ಳುವ ಜಾಗಕ್ಕೆ ಗೋಡೆ ಬಂತು. ಗೋಡೆಗೆ ಎರಡೂ ಅಂಗೈ ಊರಿ, ಅದನ್ನು ಆಚೆಗೆ ತಳ್ಳುವವಳಂತೆ ಮೈಭಾರ ಹಾಕಿ ನಿಂತರೆ ಭುಜ, ಮೊಣಕೈ, ಮಣಿಕಟ್ಟಿನ ಕೀಲುಗಳಿಗೆ ಅದೇ ಒತ್ತಡ ಸಿಗುತ್ತದೆ, ಗಾಯವಾಗುವುದಿಲ್ಲ. ದೇಹದ ಮೇಲೆ ಸಮನಾಗಿ ಬೀಳುವ ಭಾರವೂ ನನ್ನನ್ನು ಶಾಂತಗೊಳಿಸುತ್ತದೆ. ಆಟಿಸಂ ಇರುವ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಯೌವನದಲ್ಲಿಯೇ ತಮ್ಮನ್ನು ಎರಡೂ ಬದಿಯಿಂದ ಒತ್ತುವ ಒಂದು ಯಂತ್ರವನ್ನು ಮಾಡಿಕೊಂಡಿದ್ದರು. ವಿದೇಶಗಳಲ್ಲಿ ಜನಪ್ರಿಯವಾದ ಭಾರದ ಹೊದಿಕೆ ಮುಂಬೈಯ ಸೆಕೆಯಲ್ಲಿ ಆಗದ ಮಾತು. ಅದಕ್ಕೆ ಬದಲಾಗಿ ಮಡಿಲಿನ ಮೇಲಿಡುವ ಒಂದು ಚೀಲ ಹೊಲಿದುಕೊಂಡೆ. ಅಕ್ಕಿ ತುಂಬಿದರೆ ಇಲ್ಲಿನ ಮಳೆಗಾಲದಲ್ಲಿ ಹುಳು ಬೀಳುತ್ತದೆ, ಮರಳು ಹೊಲಿಗೆಯಿಂದ ಸೋರುತ್ತದೆ. ಆದ್ದರಿಂದ ಕ್ರಾಫರ್ಡ್ ಮಾರ್ಕೆಟಿನಲ್ಲಿ ಮೀನಿನ ತೊಟ್ಟಿಗೆಂದು ಮಾರುವ ನುಣುಪು ಕಲ್ಲುಗಳನ್ನು ತಂದು, ತೊಳೆದು ಒಣಗಿಸಿ, ದಪ್ಪ ಖಾದಿ ಬಟ್ಟೆಯಲ್ಲಿ ಚೌಕ ಚೌಕವಾಗಿ ಹೊಲಿದೆ. ಒಂದು ಕಡೆಗೆ ಜಾರಿ ಗುಂಪಾಗದಿರಲು ಚೌಕಗಳು ಬೇಕು. ಮಡಿಲಿನ ಮೇಲೆ ಅದಿದ್ದರೆ ಕಾಲು ತಾನಾಗಿಯೇ ನಿಧಾನವಾಗುತ್ತದೆ. ವಿಚಿತ್ರವೆಂದರೆ ತುಂಬಿದ ಲೋಕಲ್‌ನ ಗಟ್ಟಿ ಒತ್ತಡ ನನಗೆ ಹಿಂಸೆಯಲ್ಲ. ಮುಂದೆ ನಿಂತವರ ಜಡೆಯ ತುದಿ ಕುತ್ತಿಗೆಗೆ ಹಗುರವಾಗಿ ತಾಗುವುದೇ ಹಿಂಸೆ. ಅದಕ್ಕಾಗಿ ಸೆಕೆಯಲ್ಲಿಯೂ ದುಪಟ್ಟಾವನ್ನು ಕುತ್ತಿಗೆಗೆ ಸುತ್ತಿಕೊಂಡಿರುತ್ತೇನೆ.

ತೂಗುವುದಕ್ಕೆ ನಮ್ಮ ಊರಿನ ಮನೆಯ ಜಗಲಿಯಲ್ಲಿ ತೂಗುಮಂಚವಿತ್ತು. ಅದರ ಮೇಲೆ ಕುಳಿತು ತೂಗಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ನೆಲದ ಮೇಲೆ ಕುಳಿತು ತೂಗಿದರೆ ಬೈಗುಳ. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಸ್ಲ್ಯಾಬಿಗೆ ಕೊಂಡಿ ಹಾಕಿಸುವ ಧೈರ್ಯವಾಗದೆ, ತನ್ನದೇ ಕಂಬವಿರುವ ಬೆತ್ತದ ಜೋಕಾಲಿ ಕುರ್ಚಿ ಕೊಂಡೆವು. ಹಾಲಿನ ಅರ್ಧ ಜಾಗವನ್ನು ಅದೇ ನುಂಗಿದೆ. ಕಚೇರಿಯಿಂದ ಬಂದವಳು ಕೈಕಾಲು ತೊಳೆದು ಮೊದಲು ಅದರಲ್ಲಿ ಕುಳಿತುಕೊಳ್ಳುತ್ತೇನೆ. ಅಡುಗೆಯ ಮಾತು, ಮಗಳ ಶಾಲೆಯ ಮಾತು ಎಲ್ಲವೂ ಆಮೇಲೆ. ಹೋಗುವಾಗ ಬರುವಾಗ ರೈಲೇ ನನ್ನನ್ನು ತೂಗುವುದರಿಂದ ಅಲ್ಲಿ ನಾನು ಬೇರೆ ಪ್ರಯತ್ನ ಮಾಡಬೇಕಾಗಿಲ್ಲ.

ರೈಲಿನ ಘೋಷಣೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಮುಂದಿನ ನಿಲ್ದಾಣದ ಹೆಸರು ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಒಂದರ ಹಿಂದೊಂದು, ಪ್ರತಿ ಸಲವೂ ಅದೇ ಏರಿಳಿತದಲ್ಲಿ ಬರುತ್ತದೆ. ಮನೆಯಲ್ಲಿ ಮನಸ್ಸು ಕದಡಿದಾಗ ನಾನು ಕೋಪರ್, ದಿವಾ, ಮುಂಬ್ರಾ, ಕಳವಾ, ಥಾಣೆ ಎಂದು ಅದೇ ದನಿಯಲ್ಲಿ ಮಸೀದ್ ಬಂದರದವರೆಗೆ ಹೇಳಿಕೊಂಡು ಹೋಗುತ್ತೇನೆ. ಮಗಳಿಗೆ ಅದು ಆಟ. ನಾನು ವಿದ್ಯಾವಿಹಾರ ಬಿಟ್ಟರೆ ತಕ್ಷಣ ತಿದ್ದುತ್ತಾಳೆ. ಗುನುಗುವುದಕ್ಕೆ ಮೊದಲು ವೇಗದ ಲೋಕಲ್ ಪಾರಸಿಕ್ ಸುರಂಗದೊಳಗೆ ಹೋಗುವ ಹೊತ್ತು ಬಹಳ ಅನುಕೂಲವಾಗಿತ್ತು. ಅಲ್ಲಿನ ಅಬ್ಬರದಲ್ಲಿ ಯಾರಿಗೂ ನನ್ನ ದನಿ ಕೇಳುತ್ತಿರಲಿಲ್ಲ. 2022ರಲ್ಲಿ ಥಾಣೆ ಮತ್ತು ದಿವಾ ನಡುವೆ ಐದನೆಯ, ಆರನೆಯ ಮಾರ್ಗಗಳು ಸಿದ್ಧವಾದ ಮೇಲೆ ವೇಗದ ಲೋಕಲ್‌ಗಳು ಸುರಂಗವನ್ನು ಬಿಟ್ಟು ಮುಂಬ್ರಾದ ಕಡೆಯಿಂದ ಹೋಗತೊಡಗಿದವು. ಪ್ರಯಾಣಿಕರಿಗೆ ಒಳ್ಳೆಯದೇ ಆಗಿರಬೇಕು, ನನಗೆ ಮಾತ್ರ ನಷ್ಟ. ಈಗ ಬೆಳಿಗ್ಗೆ ಮಿಕ್ಸರ್ ತಿರುಗುವಾಗ ಗುನುಗುತ್ತೇನೆ. ಉಳಿದ ಹೊತ್ತಿನಲ್ಲಿ ಭ್ರಾಮರಿ ಪ್ರಾಣಾಯಾಮವೆಂಬ ಮರ್ಯಾದೆಯ ಹೆಸರಿನಲ್ಲಿ ಕಣ್ಣು ಮುಚ್ಚಿ ಕುಳಿತು ಗುನುಗಿದರೆ ಮನೆಗೆ ಬಂದ ನೆಂಟರೂ ಮೆಚ್ಚುತ್ತಾರೆ.

ನಮ್ಮ ಸಂಪ್ರದಾಯದಲ್ಲಿಯೇ ಕೈಗೆ ಇಂಥ ಆಸರೆಗಳು ಸಾಕಷ್ಟಿವೆಯೆಂದು ತೋರಿಸಿಕೊಟ್ಟವರು ಅತ್ತೆ. ಶ್ರಾವಣಕ್ಕೆ ಮೊದಲು ಅವರು ಹತ್ತಿ ಬಿಡಿಸಿ ಹೂಬತ್ತಿ ಹೊಸೆಯುತ್ತ ಕುಳಿತಾಗ ನಾನೂ ಪಕ್ಕದಲ್ಲಿ ಕುಳಿತೆ. ಹತ್ತಿಯ ಎಳೆ ಎಳೆಯುವುದು, ಬೆರಳಿನ ತುದಿಯಲ್ಲಿ ತಿರುಚುವುದು, ಮತ್ತೆ ಅದೇ. ಗಂಟೆಗಳು ಕಳೆದದ್ದು ಗೊತ್ತಾಗಲಿಲ್ಲ. “ಇದ್ ಮಾಡ್ತಾ ಕೂತ್ರೆ ನಂಗೂ ಮನ್ಸ್ ತಣ್ಣಗಾತ್ತ್” ಎಂದರು ಅವರು. ವೈದ್ಯರ ವರದಿಯನ್ನು ಅವರಿಗೆ ವಿವರಿಸಲು ನಾನೂ ನನ್ನ ಗಂಡನೂ ಹೆಣಗಿದ್ದೆವು, ಊರಿನ ಸಂಬಂಧಿಕರೊಬ್ಬರು ದೈವದ ದರ್ಶನದಲ್ಲಿ ಕೇಳಿಸಿ ನೋಡಿ ಎಂದೂ ಹೇಳಿದ್ದರು. ಬತ್ತಿ ಹೊಸೆದ ಆ ಮಧ್ಯಾಹ್ನದ ನಂತರ ಅತ್ತೆಗೆ ಬೇರೆ ವಿವರಣೆ ಬೇಕಾಗಲಿಲ್ಲ. ಗಂಡ ಕಲಿತದ್ದು ಬೇರೆ ರೀತಿ. ಅವರು ನನ್ನ ಅಭ್ಯಾಸಗಳನ್ನು ಸೂಚನೆಗಳಂತೆ ಓದುತ್ತಾರೆ. ಮದುವೆ ಮಂಟಪದಲ್ಲಿ ನಾನು ಬಳೆ ಸರಿಸುತ್ತಿದ್ದರೆ ಎಲ್ಲವೂ ಸರಿಯಿದೆ, ದುಪಟ್ಟಾದ ಅಂಚು ಬಾಯಿಗೆ ಹೋಯಿತೆಂದರೆ ಹೊರಗೆ ಗಾಳಿಗೆ ಕರೆದುಕೊಂಡು ಹೋಗುವ ಸಮಯ. ನನಗೆ ಬಾಯಿಬಿಟ್ಟು ಹೇಳಲು ಆಗದ ಹೊತ್ತಿನಲ್ಲಿಯೇ ಅವರಿಗೆ ಗೊತ್ತಾಗುತ್ತದೆ. ಅಭ್ಯಾಸಗಳನ್ನು ಅದುಮಿಟ್ಟಿದ್ದ ಕಾಲದಲ್ಲಿ ಈ ಸೂಚನೆಗಳೂ ಇರಲಿಲ್ಲ.

ಸದ್ದಿನ ವಿಷಯದಲ್ಲಿ ಗಣೇಶೋತ್ಸವದ ಹತ್ತು ದಿನ ಪ್ರತ್ಯೇಕ ಏರ್ಪಾಡು ಬೇಕಾಗುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದ ಇದೆ, ಹಬ್ಬದ ಕೆಲವು ದಿನ ಸರ್ಕಾರ ಅದನ್ನು ಸಡಿಲಿಸುತ್ತದೆ. ಆ ದಿನಗಳಲ್ಲಿ ಕಿವಿಗೆ ಮೇಣದ ಬಿರಡೆ, ಮಡಿಲಿಗೆ ಕಲ್ಲಿನ ಚೀಲ, ಕೈಗೆ ಹತ್ತಿ. ಆದರೆ ಸದ್ದೇ ನನಗೆ ಶತ್ರುವೆಂದು ತಿಳಿಯಬಾರದು. ಮಾಟುಂಗದಲ್ಲಿ ಯಕ್ಷಗಾನವಾದರೆ ನಾನು ತಪ್ಪದೆ ಹೋಗುತ್ತೇನೆ. ಚೆಂಡೆಯ ಪೆಟ್ಟು ಎದೆಗೂಡಿನೊಳಗೆ ಕೇಳುವಷ್ಟು ಹತ್ತಿರ ಕುಳಿತು, ತಾಳಕ್ಕೆ ಸರಿಯಾಗಿ ತೂಗುತ್ತೇನೆ. ಅಕ್ಕಪಕ್ಕದವರೂ ತಲೆದೂಗುತ್ತಿರುವುದರಿಂದ ನನ್ನದು ರಸಿಕತೆಯ ಲೆಕ್ಕಕ್ಕೆ ಸೇರುತ್ತದೆ. ಮುಂದಿನ ಪೆಟ್ಟು ಯಾವಾಗ ಬೀಳುತ್ತದೆಂದು ಗೊತ್ತಿರುವ ಸದ್ದು ನನ್ನನ್ನು ಕಟ್ಟಿ ನಿಲ್ಲಿಸುತ್ತದೆ, ಗೊತ್ತಿಲ್ಲದ ಪಟಾಕಿ ಒಡೆದುಹಾಕುತ್ತದೆ.

ಸಂತೋಷದ ಕೈಬಡಿತವನ್ನು ನಾನು ಬದಲಿಸಲಿಲ್ಲ. ಒಂದು ರೂಪಾಯಿಯ ವ್ಯತ್ಯಾಸಕ್ಕಾಗಿ ಇಡೀ ದಿನ ಹುಡುಕಿ, ಕೊನೆಗೆ ಎರಡೂ ಬದಿ ಕೂಡಿಬಂದಾಗ ನನ್ನ ಕೈಗಳು ತಾವಾಗಿಯೇ ಗಾಳಿಯಲ್ಲಿ ಬಡಿದಾಡುತ್ತವೆ. ಅದರಿಂದ ಗಾಯವೂ ಇಲ್ಲ, ಸದ್ದೂ ಇಲ್ಲ. ಮೊದಲ ಕೆಲವು ಸಲ ಸಹೋದ್ಯೋಗಿಗಳು ಮುಖ ಮುಖ ನೋಡಿಕೊಂಡರು. ಈಗ ಎದುರು ಸಾಲಿನ ಮರಾಠಿ ಹುಡುಗಿ ಪರದೆಯಿಂದ ಕಣ್ಣೆತ್ತಿ “ತಾಈ, ಜುಳ್ಲಂ ವಾಟತಂ” ಎನ್ನುತ್ತಾಳೆ, ಲೆಕ್ಕ ಕೂಡಿಬಂತೆಂದು ಕಾಣುತ್ತದೆ ಎಂದು. ಇಡೀ ವಿಭಾಗಕ್ಕೆ ಸುದ್ದಿ ತಲುಪಿದಂತಾಗುತ್ತದೆ.

ಕಚೇರಿಯಲ್ಲಿ ಎಷ್ಟು ಹೇಳಬೇಕು, ಯಾರಿಗೆ ಹೇಳಬೇಕು ಎಂಬುದನ್ನು ತೀರ್ಮಾನಿಸಲು ಸಮಯ ತೆಗೆದುಕೊಂಡೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರಿರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಗುರುತಿಸಿತು, 2016ರ ಹೊಸ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಅದು ಸೇರಿತು. ಕಾಯ್ದೆಯ ಬಲವಿದೆಯೆಂಬುದು ಧೈರ್ಯ ಕೊಡುತ್ತದೆ ನಿಜ, ಆದರೆ ದಿನನಿತ್ಯದ ಸಂಬಂಧ ನಡೆಯುವುದು ಕಾಗದದ ಮೇಲಲ್ಲ. ಹಿಂದಿನ ಮೇಲಧಿಕಾರಿಯೊಬ್ಬರು ನಾನು ಸಭೆಯಲ್ಲಿ ಕಣ್ಣು ತಗ್ಗಿಸಿ ಬೀಜ ಉರುಳಿಸುವುದನ್ನು ಅಲಕ್ಷ್ಯವೆಂದು ತಿಳಿದು ವಾರ್ಷಿಕ ವರದಿಯಲ್ಲಿ ಬರೆದಿದ್ದರು. ಆ ಹೊತ್ತಿನಲ್ಲಿಯೇ ನಾನು ಅವರ ಮಾತನ್ನು ಅತಿ ಹೆಚ್ಚು ಗಮನವಿಟ್ಟು ಕೇಳುತ್ತಿರುತ್ತಿದ್ದೆ. ಅದರ ನಂತರ ಹೊಸಬರು ಬಂದಾಗ ಒಂದು ಪುಟದ ಟಿಪ್ಪಣಿ ಬರೆದುಕೊಟ್ಟೆ. ರೋಗದ ವರ್ಣನೆಯನ್ನು ಅದರಲ್ಲಿ ಹಾಕಲಿಲ್ಲ. ಸಭೆಯಲ್ಲಿ ನನ್ನ ಕೈಯಲ್ಲಿ ಬೀಜವಿರುತ್ತದೆ, ಅದಿದ್ದರೆ ನಾನು ಹೆಚ್ಚು ಚೆನ್ನಾಗಿ ಕೇಳಿಸಿಕೊಳ್ಳುತ್ತೇನೆ. ದೀರ್ಘ ಸಭೆಯಲ್ಲಿ ನಾನು ಎದ್ದು ಹಿಂದೆ ನಿಂತರೆ ಅದು ಅಸಮಾಧಾನವಲ್ಲ. ಮಡಿಲಿನ ಮೇಲೆ ಒಂದು ಭಾರದ ಚೀಲವಿರುತ್ತದೆ. ನನ್ನ ಯಾವುದಾದರೂ ಸದ್ದಿನಿಂದ ಯಾರಿಗಾದರೂ ತೊಂದರೆಯಾದರೆ ನೇರವಾಗಿ ನನಗೇ ಹೇಳಬೇಕು, ಅದನ್ನು ಬದಲಿಸುತ್ತೇನೆ. ಹೊಸ ಅಧಿಕಾರಿ ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು, ಪ್ರಿಂಟರಿನ ಪಕ್ಕದ ಜಾಗ ನನಗೆ ಕಷ್ಟವಾಗುತ್ತಿದೆಯೇ ಎಂದು. ಆಗುತ್ತಿದೆ ಎಂದೆ. ಮರುವಾರ ನನ್ನ ಮೇಜು ಗೋಡೆಯ ಬದಿಗೆ ಹೋಯಿತು. ಹೊಸ ಜಾಗದಲ್ಲಿ ಎದ್ದು ಅಂಗೈ ಊರಿ ಒತ್ತಲು ಗೋಡೆ ಕೈಯಳತೆಯಲ್ಲಿಯೇ ಇದೆ.